ಔಷಧಿ ಹೊಡೆಯಲ್ಲ ಅಂದ ಪೆಸ್ಟ್ ಕಂಟ್ರೋಲ್‌ನವರು, ಬಿಜೈ, ಮಂಗಳೂರು

ಐದು ಸ್ಟಾರ್ ಕೊಟ್ಟಿದ್ದೇನೆ. ಒಂದು ಹನಿ ಔಷಧಿಯನ್ನೂ ಹೊಡೆಯದೆ ಹೋಗಿದ್ದಕ್ಕೆ.

ಮೈಮೇಲೆ ಹುಳ ಹರಿದಾಡುತ್ತದೆ ಅಂತ ದೊಡ್ಡಮ್ಮ ಹೇಳಲು ಶುರು ಮಾಡಿ ತುಂಬಾ ಸಮಯ ಆಗಿತ್ತು, ಆಮೇಲೆ ಜೊತೆಗಿರುವ ಅವರ ಮಗಳು, ಅಂದರೆ ನಮ್ಮ ಅಕ್ಕನಿಗೂ ಅದೇ ಶುರುವಾಯ್ತು. ರಾತ್ರಿಯೆಲ್ಲ ಲೈಟ್ ಹಾಕಿ ಹಾಸಿಗೆ ಹುಡುಕುವುದು, ಬೆಡ್‌ಶೀಟ್ ಕುದಿಸುವುದು, ಡೆಟ್ಟಾಲ್ ಹಾಕಿ ಉಜ್ಜಿ ಉಜ್ಜಿ ಕೈಕಾಲೆಲ್ಲ ಗಾಯ. ಮೊದಲು ಬೇರೆ ಯಾರೋ ಬಂದು ಏನೂ ನೋಡದೆ ಔಷಧಿ ಹೊಡೆದು ದುಡ್ಡು ತಗೊಂಡು ಹೋದರು. ಅದರಿಂದ ಇವರ ನಂಬಿಕೆ ಇನ್ನೂ ಜಾಸ್ತಿಯಾಯ್ತು. ಹುಳ ಇಲ್ಲದಿದ್ದರೆ ಯಾಕೆ ಹೊಡೆಯುತ್ತಿದ್ದರು, ಅಲ್ವಾ?

ಈ ಸಲ ಬಂದ ಹುಡುಗ ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆ, ಮಂಚದ ಸಂದಿ ಎಲ್ಲ ನೋಡಿದ. ತಿಗಣೆ ಇದ್ದರೆ ಕಪ್ಪು ಕಲೆ ಇರುತ್ತದೆ, ಒಂದೂ ಇರಲಿಲ್ಲ. ಮೂಲೆಗಳಲ್ಲಿ ಅಂಟಿನ ಹಾಳೆ ಇಟ್ಟು, ಮತ್ತೆ ಬಂದು ನೋಡಿದ. ಇರುವೆ, ಒಂದೆರಡು ಜಿರಳೆ ಮರಿ, ಅಷ್ಟೇ. ಅಕ್ಕ ಹುಳ ಅಂತ ಬೆಂಕಿಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದನ್ನು ಬಿಳಿ ಕಾಗದದ ಮೇಲೆ ಸುರಿದು, ಲೆನ್ಸ್ ಹಿಡಿದು ಅವಳಿಗೇ ತೋರಿಸಿದ. ನೂಲಿನ ಎಳೆ, ಗಾಯದ ಹಕ್ಕಳೆ. ನಗಲಿಲ್ಲ. "ಅಮ್ಮಾ, ನಿಮ್ಮ ತುರಿಕೆ ನಿಜ. ಆದ್ರೆ ಮನೆಯಲ್ಲಿ ಹುಳ ಇಲ್ಲ, ಸ್ಕಿನ್ ಡಾಕ್ಟರಿಗೆ ತೋರಿಸಿ" ಅಂದ. ಬಂದು ನೋಡಿದ್ದಕ್ಕೆ ಮಾತ್ರ ಚಾರ್ಜ್.

ಡಾಕ್ಟರು ಮೊದಲು ಬೆರಳ ಸಂದಿಯಲ್ಲಿ ಕಜ್ಜಿ ಹುಡುಕಿದರು, ಅದು ನಿಜವಾಗಿಯೂ ಮನೆಮಂದಿಗೆಲ್ಲ ಹರಡುವಂಥದ್ದು. ಶುಗರ್, ಥೈರಾಯ್ಡ್, ಬಿ12 ನೋಡಿಸಿ, ಆಮೇಲೆ ಮನೋವೈದ್ಯರ ಹತ್ತಿರ ಕಳಿಸಿದರು. ಹುಳ ಇದೆ ಅನ್ನುವ ಈ ಭ್ರಮೆಯ ಬಗ್ಗೆ ಸ್ವೀಡನ್ನಿನ ವೈದ್ಯ ಎಕ್‌ಬೋಮ್ 1938ರಲ್ಲೇ ಬರೆದಿದ್ದಾರಂತೆ. ಒಬ್ಬರ ಭ್ರಮೆ ಹತ್ತಿರದವರಿಗೂ ಅಂಟುವುದನ್ನು ಫ್ರಾನ್ಸಿನ ವೈದ್ಯರಾದ ಲಾಸೇಗ್ ಮತ್ತು ಫಾಲ್ರೆ 1877ರಲ್ಲಿ ವಿವರಿಸಿದ್ದರು. ಬೆಂಕಿಪೆಟ್ಟಿಗೆಯಲ್ಲಿ ತುಂಬಿಸಿ ತರುವುದು ಎಷ್ಟು ಸಾಮಾನ್ಯ ಅಂದರೆ ಅದಕ್ಕೂ ಮ್ಯಾಚ್‌ಬಾಕ್ಸ್ ಸೈನ್ ಅಂತ ಹೆಸರಿದೆ. ಕೇಳಿದಾಗ ನನಗೆ ಅಳು ಬಂತು. ನಮ್ಮ ಮನೆಯವರು ಮಾತ್ರ ಹೀಗಲ್ಲವಲ್ಲ ಅಂತ.

ಅಕ್ಕ ಸ್ವಲ್ಪ ಸಮಯ ಉಡುಪಿಯಲ್ಲಿ ಮಾವನ ಮನೆಯಲ್ಲಿದ್ದಳು. ಅಮ್ಮನಿಂದ ದೂರ ಇದ್ದಾಗ ಮಾತ್ರೆ ಇಲ್ಲದೆಯೇ ತುರಿಕೆ ಕಮ್ಮಿಯಾಯ್ತು. ದೊಡ್ಡಮ್ಮನಿಗೆ ಮಾತ್ರೆ ನಡೆಯುತ್ತಿದೆ, ನಿದ್ದೆ ಮಾಡುತ್ತಾರೆ, ಬೆಡ್‌ಶೀಟ್ ಈಗಲೂ ಕೊಡವುತ್ತಾರೆ. ಹುಳ ಇಲ್ಲ ಅಂತ ವಾದ ಮಾಡಬೇಡಿ, ಇದೆ ಅಂತ ತಲೆಯೂ ಆಡಿಸಬೇಡಿ ಅಂದಿದ್ದಾರೆ ಡಾಕ್ಟರು. ಅದೇ ಕಷ್ಟದ ಕೆಲಸ.

ಈ ಪೆಸ್ಟ್ ಕಂಟ್ರೋಲ್‌ನವರ ಫೋನ್ ಒಂದೇ ಸಲಕ್ಕೆ ಸಿಗುವುದಿಲ್ಲ, ಮಳೆಗಾಲದಲ್ಲಿ ಹೇಳಿದ ಟೈಮಿಗೆ ಬರುವುದೂ ಇಲ್ಲ. ಆದರೂ ಕಾದು ಇವರನ್ನೇ ಕರೆಸಿ.