ವಿಜಯಪುರಕ್ಕೆ ಒಂದೇ ದಿನ: ಆಟೋನಾ, ಟಾಂಗಾನಾ, ಕಾಲ್ನಡಿಗೇನಾ?

ನಮ್ಮೂರು ವಿಜಯಪುರ. ಬೆಂಗಳೂರು, ಮೈಸೂರು ಕಡೆಯಿಂದ ಬರುವ ನೆಂಟರಲ್ಲಿ ಬೆಳಿಗ್ಗೆ ರೈಲು ಇಳಿದು ರಾತ್ರಿಯೇ ವಾಪಸ್ ಹೊರಡುವವರು ಜಾಸ್ತಿ. ಅವರ ಜೊತೆ ಆಟೋದಲ್ಲಿ ಸುತ್ತಿದ್ದೇನೆ, ಟಾಂಗಾದಲ್ಲಿ ಸುತ್ತಿದ್ದೇನೆ, ಬಿಸಿಲಲ್ಲಿ ನಡೆದೂ ಸುತ್ತಿದ್ದೇನೆ. ಮೂರರಲ್ಲೂ ಕಾಣುವ ಊರು ಬೇರೆ ಬೇರೆ.

ಮೊದಲು ಊರಿನ ನಕ್ಷೆ ತಲೆಯಲ್ಲಿರಲಿ. ಗೋಳಗುಮ್ಮಟ ಪೂರ್ವದ ತುದಿಯಲ್ಲಿದೆ, ರೈಲು ನಿಲ್ದಾಣದ ಹತ್ತಿರ. ಇಬ್ರಾಹಿಂ ರೋಜಾ ಪಶ್ಚಿಮಕ್ಕೆ, ಹಳೇ ಕೋಟೆಗೋಡೆಯ ಆಚೆ. ಒಂದರಿಂದ ಇನ್ನೊಂದಕ್ಕೆ ನಾಲ್ಕೈದು ಕಿಲೋಮೀಟರ್. ನಡುವೆ ಇರೋದು ಅರಕಿಲ್ಲೆ, ಅಂದರೆ ಆದಿಲ್ ಶಾಹಿ ದೊರೆಗಳ ಅರಮನೆಗಳಿದ್ದ ಒಳಕೋಟೆ. ಒಂದು ದಿನಕ್ಕೆ ಬಂದವರು ಎರಡು ತುದಿ ನೋಡಿಕೊಂಡು ಹೋಗಿಬಿಡುತ್ತಾರೆ. ನನಗೆ ಬೇಜಾರಾಗೋದು ಅಲ್ಲೇ. ಆ ತುದಿಗಳಲ್ಲಿ ಇರೋದು ದೊರೆಗಳ ಗೋರಿ. ಅವರು ಬಾಳಿದ್ದು, ಆಳಿದ್ದು ನಡುವಿನಲ್ಲಿ. ಸುಮಾರು 200 ವರ್ಷ ರಾಜಧಾನಿಯಾಗಿದ್ದ ಊರಿಗೆ ಬಂದು ಅರಮನೆ ಜಾಗವನ್ನೇ ನೋಡದೆ ಹೋದರೆ ಹೇಗೆ?

ಆಟೋದಿಂದ ಶುರು ಮಾಡ್ತೀನಿ, ಯಾಕಂದ್ರೆ ಹೆಚ್ಚಿನವರು ಹತ್ತೋದು ಅದನ್ನೇ. ಸಮಯ ಉಳಿಯುತ್ತದೆ, ಅದೇ ದೊಡ್ಡ ಲಾಭ. ಇಡೀ ದಿನಕ್ಕೆ ಮಾತಾಡಿಕೊಂಡರೆ ಗೋಳಗುಮ್ಮಟ, ಜಾಮಿಯಾ ಮಸೀದಿ, ಬಾರಾ ಕಮಾನ್, ಉಪಲಿ ಬುರುಜ್, ಮಲಿಕ್-ಎ-ಮೈದಾನ್ ತೋಪು, ತಾಜ್ ಬಾವಡಿ ಅನ್ನೋ ಹಳೇ ಬಾವಿ, ಇಬ್ರಾಹಿಂ ರೋಜಾ ಎಲ್ಲ ಆರಾಮಾಗಿ ಮುಗಿಯುತ್ತವೆ. ಏಪ್ರಿಲ್, ಮೇ ತಿಂಗಳಾಗಿದ್ದರೆ ಬೇರೆ ಯೋಚನೆಯೇ ಬೇಡ, ಆಟೋನೇ ಸರಿ. ನಮ್ಮ ಕಡೆ ಬಿಸಿಲು ಹಾಗಿರುತ್ತದೆ. ಬಾಡಿಗೆ ಮೊದಲೇ ಮಾತಾಡಿ. ಎಲ್ಲೆಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನೂ ಆಗಲೇ ಹೇಳಿಬಿಡಿ. ಇಲ್ಲದಿದ್ದರೆ ಹೊರಗೆ ಆಟೋ ಕಾಯ್ತಾ ಇದೆ ಅನ್ನೋ ಯೋಚನೆ ಒಳಗೂ ಬಿಡೋದಿಲ್ಲ. ಒಬ್ಬ ಚಾಲಕರು ನಮಗೆ ಗೋಳಗುಮ್ಮಟಕ್ಕೆ ಅರ್ಧ ತಾಸು ಸಾಕು ಅಂದಿದ್ದರು. ಹತ್ತಿ ಇಳಿಯೋಕೇ ಅಷ್ಟು ಬೇಕು!

ಗೋಳಗುಮ್ಮಟಕ್ಕೆ ಎರಡು ತಾಸು ಇಟ್ಟುಕೊಳ್ಳಿ, ಅದೂ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ. ಇದು 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾನ ಗೋರಿ. ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್. ಇಷ್ಟು ದೊಡ್ಡ ಗುಮ್ಮಟಕ್ಕೆ ಕೆಳಗೆ ಒಂದೂ ಕಂಬ ಇಲ್ಲ. ಒಂದರ ಮೈಮೇಲೆ ಒಂದು ಹಾದುಹೋಗುವ ಕಮಾನುಗಳು ಭಾರವನ್ನು ಗೋಡೆಗೆ ದಾಟಿಸುತ್ತವೆ. ಒಳಗೆ ನಿಂತು ಮೂಲೆಗಳನ್ನು ನೋಡಿ, ಚೌಕಾಕಾರದ ಕೋಣೆ ಮೇಲೆ ಹೋಗ್ತಾ ಹೋಗ್ತಾ ಹೇಗೆ ದುಂಡಗಾಗುತ್ತದೆ ಅಂತ ತಿಳಿಯುತ್ತದೆ. ನಾಲ್ಕು ಮೂಲೆಗೆ ಏಳು ಅಂತಸ್ತಿನ ಮಿನಾರುಗಳಿವೆ. ಅವುಗಳ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಪಿಸುಮಾತಿನ ಗ್ಯಾಲರಿ. ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ ಮಾತು ಎದುರುಗಡೆ, ಸುಮಾರು 38 ಮೀಟರ್ ಆಚೆ ಕೂತವರ ಕಿವಿಗೆ ಬೀಳುತ್ತದೆ. ಆದರೆ ಇದು ಜನ ಕಡಿಮೆ ಇದ್ದಾಗ ಮಾತ್ರ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತ ಮೇಲೆ ಕೇಳೋದು ಬರೀ ಕೂಗಾಟ. ಮುಂದಿನ ನಗಾರಖಾನೆಯ, ಅಂದರೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ ವಸ್ತುಸಂಗ್ರಹಾಲಯ ಇದೆ, ಅದಕ್ಕೆ ಶುಕ್ರವಾರ ರಜೆ.

ಈಗ ಕಾಲ್ನಡಿಗೆ. ಇಡೀ ಊರನ್ನು ನಡೆದು ನೋಡ್ತೀನಿ ಅಂದರೆ ಸಂಜೆಗೆ ಕಾಲು ಸೋಲುತ್ತದೆ, ಇಬ್ರಾಹಿಂ ರೋಜಾ ತಪ್ಪಿಹೋಗುತ್ತದೆ. ನಡುವಿನ ಭಾಗಕ್ಕೆ ಮಾತ್ರ ನಡಿಗೆಯ ಮುಂದೆ ಬೇರೆ ಯಾವುದೂ ಇಲ್ಲ. ಜಾಮಿಯಾ ಮಸೀದಿಯಿಂದ ಹೊರಡಿ. ಒಂದನೇ ಅಲಿ ಆದಿಲ್ ಶಾ ಕಟ್ಟಿಸಲು ಶುರು ಮಾಡಿದ ಮಸೀದಿ ಇದು. ಒಳಗೆ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ 2,250ರಷ್ಟು ನಮಾಜಿನ ಚೌಕಗಳಿವೆ, ಅವನ್ನು ಬರೆಸಿದ್ದು ಔರಂಗಜೇಬ. ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆ ಹೊತ್ತು ಬಿಟ್ಟು ಹೋಗಿ.

ಅಲ್ಲಿಂದ ಪಶ್ಚಿಮಕ್ಕೆ ಅರಕಿಲ್ಲೆ ಕಡೆ ನಡೆದರೆ ದಾರಿಯಲ್ಲೇ ಮೆಹತರ್ ಮಹಲ್. ಆಟೋದವರು ಕೈ ತೋರಿಸಿ ಮುಂದೆ ಹೋಗುವ ಕಟ್ಟಡ ಇದು. ನಿಂತು ತಲೆ ಎತ್ತಿ ನೋಡಿ. ಹೊರಚಾಚಿದ ಬಾಲ್ಕನಿಯ ಕೆಳಗೆ ಅದನ್ನು ಹೊತ್ತ ಕಲ್ಲಿನ ಆಸರೆಗಳಿವೆ. ಮರದಲ್ಲಿ ಕೆತ್ತೋದೇ ಕಷ್ಟ ಅನ್ನಿಸುವಷ್ಟು ಸಣ್ಣ ಕೆಲಸವನ್ನು ಕಲ್ಲಿನಲ್ಲಿ ಮಾಡಿದ್ದಾರೆ. ನಮ್ಮೂರಲ್ಲಿ ನನಗೆ ತುಂಬಾ ಇಷ್ಟವಾದ ಕೆತ್ತನೆ ಇದೇ, ಗೋಳಗುಮ್ಮಟದ್ದಲ್ಲ.

ಸ್ವಲ್ಪ ಮುಂದೆ ಆಸಾರ್ ಮಹಲ್. ಇದನ್ನು 1646ರ ಸುಮಾರಿಗೆ ನ್ಯಾಯ ಹೇಳುವ ಜಾಗವಾಗಿ ಕಟ್ಟಿದರು. ಆಮೇಲೆ ಪ್ರವಾದಿಯವರ ಕೂದಲನ್ನು ಇಲ್ಲಿ ಇಟ್ಟರು. ಒಳಗೆ ಹೆಣ್ಣುಮಕ್ಕಳನ್ನು ಬಿಡುವುದಿಲ್ಲ. ಮುಂಭಾಗದ ಎತ್ತರದ ಮರದ ಕಂಬಗಳನ್ನು, ಎದುರಿನ ಕೊಳವನ್ನು ಹೊರಗಿನಿಂದಲೇ ನೋಡಬೇಕು. ನಮ್ಮ ಮನೆ ಹೆಂಗಸರು ಜೊತೆಗಿದ್ದಾಗ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅರಕಿಲ್ಲೆಯೊಳಗೆ ಗಗನ ಮಹಲ್ ಮುಂದೆ ಮಾತ್ರ ಅವಸರ ಮಾಡಬೇಡಿ. 1561ರಲ್ಲಿ ಕಟ್ಟಿದ್ದು, ಮೂರು ಕಮಾನು, ನಡುವಿನದು ಭಾರಿ ಅಗಲ. ಚಾವಣಿ ಹೋಗಿದೆ. ಈಗ ಕಮಾನಿನ ಮುಂದೆ ಹುಲ್ಲುಹಾಸಿನಲ್ಲಿ ಊರಿನವರು ಕೂತು ಶೇಂಗಾ ತಿನ್ನುತ್ತಾರೆ, ಮಕ್ಕಳು ಓಡಾಡುತ್ತವೆ. 1686ರಲ್ಲಿ ಔರಂಗಜೇಬ ಊರು ಗೆದ್ದಾಗ ಕೊನೆಯ ದೊರೆ ಸಿಕಂದರನನ್ನು ಬೆಳ್ಳಿ ಸರಪಳಿ ಹಾಕಿ ಇಲ್ಲಿಗೇ ತಂದರು ಅಂತ ಹೇಳುತ್ತಾರೆ. ರಾಜಧಾನಿ ಮುಗಿದ ಜಾಗ ಅದು. ಹತ್ತಿರದಲ್ಲೇ ಸಾತ್ ಮಂಜಿಲ್ ಅರಮನೆ, ಅದರೆದುರು ಪುಟ್ಟ ಜಲ ಮಂಜಿಲ್ ಮಂಟಪ. ಆಮೇಲೆ ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾನ ಗೋರಿ ಪೂರ್ತಿಯಾಗಿದ್ದರೆ ಗೋಳಗುಮ್ಮಟಕ್ಕೆ ಸವಾಲು ಹಾಕುತ್ತಿತ್ತು. ಅದು ಅರ್ಧಕ್ಕೇ ನಿಂತಿತು. ಕಪ್ಪು ಕಲ್ಲಿನ ಕಮಾನುಗಳು ಆಕಾಶಕ್ಕೆ ತೆರೆದುಕೊಂಡಿವೆ. ಇಲ್ಲಿವರೆಗೆ ನಡೆಯೋಕೆ, ನೋಡೋಕೆ ಎರಡೂವರೆ, ಮೂರು ತಾಸು ಸಾಕು.

ಟಾಂಗಾ? ಗುಂಡಿ ಬಿದ್ದ ರಸ್ತೆಯಲ್ಲಿ ಮೈ ಕುಲುಕುತ್ತದೆ, ಸಂತೆ ಬೀದಿಯಲ್ಲಿ ಸಿಕ್ಕಿಕೊಂಡರೆ ಅಲ್ಲೇ. ಆದರೂ ಆಟೋದಲ್ಲಿ ಸಿಗದ ಒಂದು ವಿಷಯ ಇಲ್ಲಿದೆ. ಕುಳಿತ ಜಾಗ ಎತ್ತರ, ಸುತ್ತ ತೆರೆದಿರುತ್ತದೆ, ಕೋಟೆಗೋಡೆ, ಬುರುಜು, ಗಲ್ಲಿಯ ಗುಮ್ಮಟ ಎಲ್ಲ ನಿಧಾನಕ್ಕೆ ಕಾಣುತ್ತವೆ. ಹೊಡೆಯುವವರು ವಯಸ್ಸಾದವರಾಗಿದ್ದರೆ ಮಾತೂ ಸಿಗುತ್ತದೆ. ನಮ್ಮ ಅತ್ತೆಯನ್ನು ಕೂರಿಸಿಕೊಂಡು ಹೋಗಿದ್ದ ಅಜ್ಜನಿಗೆ ಬೇಗ ನಡೀರಿ ಅಂದೆ. 'ಅವಸರ ಮಾಡಬ್ಯಾಡ್ರಿ ತಂಗಿ, ಕುದುರಿಗೂ ನೀರ ಕುಡಸಬೇಕು' ಅಂದರು. ಸರಿಯೇ ಅಲ್ವಾ? ಬಿಸಿಲಲ್ಲಿ ಒಂದು ಕುದುರೆಯನ್ನು ದಿನವಿಡೀ ಊರ ಆ ತುದಿಯಿಂದ ಈ ತುದಿಗೆ ಓಡಿಸೋದು ನ್ಯಾಯವಲ್ಲ. ಐದಾರು ಜನ ಹತ್ತಿ ಕೂರುವುದಂತೂ ಬೇಡವೇ ಬೇಡ. ಒಂದು ಸಣ್ಣ ಸುತ್ತಿಗೆ, ತಂಪು ಹೊತ್ತಿನಲ್ಲಿ ಟಾಂಗಾ ಚೆನ್ನ.

ಸ್ವಂತ ಬೈಕ್ ಇದ್ದರೆ ಒಳ್ಳೆಯದೇ. ಒಬ್ಬರು, ಇಬ್ಬರಿಗೆ ಅದು ಆಟೋಗಿಂತ ಸಲೀಸು.

ಈಗ ನೆಂಟರು ಬಂದರೆ ನಾನು ಎರಡನ್ನು ಸೇರಿಸುತ್ತೇನೆ. ಬೆಳಿಗ್ಗೆ ಗೋಳಗುಮ್ಮಟ, ಅಲ್ಲಿಂದ ಆಟೋದಲ್ಲಿ ಜಾಮಿಯಾ ಮಸೀದಿಗೆ ಹೋಗಿ ಅದನ್ನು ಕಳಿಸಿಬಿಡುತ್ತೇನೆ. ಬಾರಾ ಕಮಾನ್‌ವರೆಗೆ ನಡಿಗೆ. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಊಟಕ್ಕೆ ಒಂದು ತಾಸು ಧಾರಾಳವಾಗಿ ಕೊಡಿ, ಬಿಸಿಲೂ ಅಷ್ಟು ಇಳಿಯುತ್ತದೆ. ಆಮೇಲೆ ಇನ್ನೊಂದು ಆಟೋ ಹಿಡಿದು ಪಶ್ಚಿಮಕ್ಕೆ. 1584ರ ಉಪಲಿ ಬುರುಜ್ 80 ಅಡಿ ಎತ್ತರ, ಹೊರಗಿನಿಂದ ಸುತ್ತಿ ಹೋಗುವ ಮೆಟ್ಟಿಲು. ಮೇಲೆ ನಿಂತರೆ ಬೆಳಿಗ್ಗೆಯಿಂದ ಸುತ್ತಿದ ಊರು ಒಮ್ಮೆಗೇ ಕಾಣುತ್ತದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು 55 ಟನ್ ತೂಗುತ್ತದೆ. ಅದರ ಬಾಯಿಗೆ ಸಿಂಹದ ಮುಖ, ಸಿಂಹದ ದವಡೆಯಲ್ಲಿ ಆನೆ. ಮಕ್ಕಳು ಆ ಆನೆಯನ್ನು ಹುಡುಕಲಿ.

ಇಬ್ರಾಹಿಂ ರೋಜಾ ಕೊನೆಗೇ ಇರಲಿ. ಒಂದೇ ಕಟ್ಟೆಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ. ಸಂಜೆ ಬಿಸಿಲು ಬೀಳೋದು ಗೋರಿಯ ಮುಖದ ಮೇಲೆ. ಕಿಟಕಿಗಳ ಕಲ್ಲಿನ ಜಾಲರಿಯಲ್ಲಿ ಅಕ್ಷರಗಳನ್ನೇ ಕೊರೆದಿದ್ದಾರೆ, ಓರೆ ಬೆಳಕಿನಲ್ಲಿ ಅವು ಬಿಡಿಬಿಡಿಯಾಗಿ ಕಾಣುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಹಾಗಾಗಿ ನಾಲ್ಕೂವರೆಗೆ ಒಳಗಿರಿ. ರೈಲಿಗೆ ಹೋಗುವವರು ವಾಪಸ್ ಆಟೋವನ್ನು ಬರುವಾಗಲೇ ಗೊತ್ತು ಮಾಡಿಕೊಳ್ಳಿ. ನಿಲ್ದಾಣ ಊರಿನ ಆ ತುದಿಗಿದೆ.