ಜರ್ಮನಿಯ ಬಾಡಿಗೆದಾರರ ಸಂಘ: 187 ಯೂರೋ ಬಿಲ್ಲು ಮತ್ತು ನಮ್ಮ ದೋಸೆ ಕಾವಲಿ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಿತ್ತುಕೊಂಡೆ ಅನ್ನುವುದು ಆಮೇಲೆ.

ಜರ್ಮನಿಯ ಹೆಚ್ಚುಕಡಿಮೆ ಎಲ್ಲ ದೊಡ್ಡ ಊರುಗಳಲ್ಲೂ ಬಾಡಿಗೆದಾರರ ಸಂಘ ಇದೆ. ಜರ್ಮನ್‌ನಲ್ಲಿ ಅದಕ್ಕೆ ಮೀಟರ್‌ಫೆರೈನ್ ಅನ್ನುತ್ತಾರೆ. ಇಲ್ಲಿ ಮೀಟರ್ ಅಂದರೆ ಬಾಡಿಗೆದಾರ, ನಮ್ಮ ಆಟೋ ಮೀಟರ್ ಅಲ್ಲ, ಆದರೂ ಕೆಲಸ ಒಂದೇ ಅನ್ನಿ: ಎಷ್ಟು ಆಯಿತೋ ಅಷ್ಟೇ ಕೊಡಿಸುವುದು. ವರ್ಷದ ಚಂದಾ ಕಟ್ಟಿ ಸದಸ್ಯರಾದರೆ ಬಾಡಿಗೆ ಕಾನೂನು ಗೊತ್ತಿರುವ ವಕೀಲರ ಎದುರು ಕೂತು ನಮ್ಮ ತಕರಾರು ಹೇಳಿಕೊಳ್ಳಬಹುದು, ಬೇಕಾದರೆ ಓನರ್‌ಗೆ ಪತ್ರವನ್ನೂ ಅವರೇ ಬರೆಯುತ್ತಾರೆ. ಚಂದಾ ಊರಿಂದ ಊರಿಗೆ ಬೇರೆ. ನಾನು ದಕ್ಷಿಣ ಜರ್ಮನಿಯಲ್ಲಿದ್ದೇನೆ, ನನಗೆ ವರ್ಷಕ್ಕೆ 90 ಯೂರೋ ಹತ್ತಿರ ಬಿತ್ತು.

ಸೇರಿದ್ದು ಒಂದು ಪಟ್ಟಿಯ ದೆಸೆಯಿಂದ. ನಮ್ಮ ಅಂಗಡಿಗಳಿಗೆ ರೋಲಿಂಗ್ ಶಟರ್ ಇರುತ್ತಲ್ಲ, ಅಂಥದ್ದೇ ಇಲ್ಲಿ ಮನೆಯ ಕಿಟಕಿಗೂ ಇರುತ್ತದೆ, ಒಳಗಿನಿಂದ ಒಂದು ಪಟ್ಟಿ ಎಳೆದು ಏರಿಸಿ ಇಳಿಸಬೇಕು. ಹೋದ ಚಳಿಗಾಲದಲ್ಲಿ ಆ ಪಟ್ಟಿ ಕಿತ್ತುಬಂತು. ಓನರ್‌ಗೆ ಮೇಲ್ ಮಾಡಿದೆ. ಅವರು ಒಬ್ಬ ರಿಪೇರಿಯವನನ್ನು ಕಳಿಸಿದರು. ಕೆಲಸ ಇಪ್ಪತ್ತು ನಿಮಿಷದ್ದು, ಓಡಾಟದ ಖರ್ಚೂ ಸೇರಿ ಬಿಲ್ 187 ಯೂರೋ. ಮೂರನೇ ದಿನ ಓನರ್ ಪತ್ರ: ಕರಾರಿನ ಪ್ರಕಾರ 100 ಯೂರೋ ತನಕದ ಸಣ್ಣ ರಿಪೇರಿ ನಿಮ್ಮದು, ಹಾಗಾಗಿ 100 ನೀವು ಕೊಡಿ, ಮಿಕ್ಕ 87 ನಾನು ಹಾಕುತ್ತೇನೆ.

ನಿಜ ಹೇಳಬೇಕೆಂದರೆ ನನಗೆ ಅದು ನ್ಯಾಯ ಅಂತಲೇ ಕಂಡಿತು. ಬೆಂಗಳೂರಲ್ಲಿ ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅಂತ ಮುರಿದುಕೊಂಡಾಗ ಕಮಕ್ ಕಿಮಕ್ ಅನ್ನದೆ ಬಂದವನು ನಾನು. ಇದು ಯಾವ ಲೆಕ್ಕ? ದುಡ್ಡು ಕಳಿಸಲು ಹೊರಟಿದ್ದೆ. ಆಫೀಸಿನಲ್ಲಿ ಪಕ್ಕದ ಸೀಟಿನ ಜರ್ಮನ್ ಹೆಂಗಸು ಪತ್ರ ನೋಡಿ ನಕ್ಕು, ಮೊದಲು ಸಂಘಕ್ಕೆ ಹೋಗಿ ಬನ್ನಿ ಅಂದರು.

ಅಲ್ಲಿನ ವಕೀಲೆ ಐದು ನಿಮಿಷದಲ್ಲಿ ಬಿಡಿಸಿ ಹೇಳಿದ್ದು ಇಷ್ಟು. ಇಲ್ಲಿನ ಸಿವಿಲ್ ಕಾನೂನಿನ 535ನೇ ಕಲಮಿನ ಪ್ರಕಾರ ಮನೆಯನ್ನು ಸುಸ್ಥಿತಿಯಲ್ಲಿ ಇಡುವುದು ಓನರ್ ಕೆಲಸ. ಸಣ್ಣ ರಿಪೇರಿಯ ಖರ್ಚನ್ನು ನಮ್ಮ ತಲೆಗೆ ಕಟ್ಟಬೇಕಾದರೆ ಕರಾರಿನಲ್ಲಿ ಬರೆದಿರಬೇಕು. ಅದರ ಹೆಸರು ಕ್ಲೈನ್‌ರೆಪರಾತೂರ್‌ಕ್ಲೌಜೆಲ್, ಉಚ್ಚರಿಸಿ ಮುಗಿಸುವಷ್ಟರಲ್ಲಿ ಸೋರುವ ನಲ್ಲಿಯ ಕೆಳಗೆ ಬಕೆಟ್ ತುಂಬಿರುತ್ತದೆ. ಅದು ಕೂಡ ನಮ್ಮ ಕೈ ದಿನಾ ತಾಗುವ ವಸ್ತುಗಳಿಗೆ ಮಾತ್ರ: ನಲ್ಲಿ, ಸ್ವಿಚ್ಚು, ಕಿಟಕಿಯ ಹಿಡಿ, ಶಟರ್ ಪಟ್ಟಿ. ಗೋಡೆಯೊಳಗಿನ ಪೈಪು, ವೈರಿಂಗ್ ಅದರಲ್ಲಿ ಬರುವುದಿಲ್ಲ. ಒಂದು ರಿಪೇರಿಗೆ ಇಷ್ಟು, ವರ್ಷಕ್ಕೆ ಒಟ್ಟು ಇಷ್ಟು ಅಂತ ಎರಡು ಮಿತಿಯೂ ಇರಬೇಕು. ನಮ್ಮ ಕರಾರಿನಲ್ಲಿ ಎರಡೂ ಇದ್ದವು, ಪಟ್ಟಿಯೂ ಕೈ ತಾಗುವ ವಸ್ತುವೇ. ಅಯ್ಯೋ ಸೋತೆ ಅಂದುಕೊಂಡೆ. ಆಕೆ ಬೆರಳಿಟ್ಟು ತೋರಿಸಿದ್ದು 187 ಅನ್ನುವ ಅಂಕಿಯನ್ನು. ಮಿತಿ ದಾಟಿತೋ, ಅದು ಸಣ್ಣ ರಿಪೇರಿಯೇ ಅಲ್ಲ. ಪೂರ್ತಿ ಬಿಲ್ ಓನರ್‌ದು. 100 ನಿಮ್ಮದು, 87 ನಮ್ಮದು ಅಂತ ಪಾಲು ಮಾಡುವ ಹಾಗೇ ಇಲ್ಲ.

ಒಂದು ಪುಟದ ಪತ್ರ ಹೋಯಿತು. ಎರಡು ವಾರಕ್ಕೆ ಓನರ್ ಒಂದೇ ಸಾಲಿನಲ್ಲಿ ಒಪ್ಪಿಕೊಂಡರು. ಜಗಳ ಇಲ್ಲ, ಕೂಗಾಟ ಇಲ್ಲ.

ಇದನ್ನು ನಮ್ಮ ಮೈಸೂರಿನ ಗೆಳೆಯನಿಗೆ ಹೇಳಿದರೆ ಅವನು ತಲೆ ಚಚ್ಚಿಕೊಂಡ. ಅವನು ಬಾತ್‌ರೂಮಿನ ನಲ್ಲಿ ಸೋರುತ್ತಿದೆ ಅಂತ ಶನಿವಾರ ತಾನೇ ಪ್ಲಂಬರ್ ಕರೆಸಿ, ಆಮೇಲೆ ಓನರ್‌ಗೆ ಬಿಲ್ ಕಳಿಸಿದ್ದ. ನಯಾಪೈಸೆ ಬರಲಿಲ್ಲ. ಮನೆಯೆಲ್ಲ ನೀರಾಗುವಂಥ ತುರ್ತು ಬಿಟ್ಟರೆ ಇಲ್ಲಿ ಮೊದಲು ಓನರ್‌ಗೆ ತಿಳಿಸಬೇಕು, ಮಾಡಿಸಲು ಸಮಯ ಕೊಡಬೇಕು.

ಇನ್ನು ನಮ್ಮ ತಪ್ಪಿನ ಕಥೆ. ಇಲ್ಲಿ ಎಷ್ಟೋ ಮನೆಗಳನ್ನು ಅಡುಗೆಮನೆಯೇ ಇಲ್ಲದೆ, ಸಿಂಕ್ ಕೂಡ ಇಲ್ಲದೆ ಕೊಡುತ್ತಾರೆ. ನಮ್ಮ ಪುಣ್ಯಕ್ಕೆ, ಅಥವಾ ಪಾಪಕ್ಕೆ, ಒಲೆ ಸಮೇತ ಸಿಕ್ಕಿತ್ತು. ಗಾಜಿನ ಮೇಲ್ಮೈಯ ಒಲೆ. ಊರಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಕಬ್ಬಿಣದ ದೋಸೆ ಕಾವಲಿಯನ್ನು ಅದರ ಮೇಲೆ ಎಳೆದೂ ಎಳೆದೂ ಗೀರು ಬಿದ್ದು, ಒಂದು ದಿನ ಕೈ ಜಾರಿ ಕಾವಲಿ ಬಿದ್ದೇಬಿಟ್ಟಿತು. ಗಾಜು ಸೀಳಿತು. ಓನರ್ ಹೊಸ ಒಲೆಗೆ 640 ಯೂರೋ ಕೇಳಿದರು. ಮತ್ತೆ ಸಂಘಕ್ಕೆ ಹೋದೆ, ಈ ಸಲವೂ ಪೂರ್ತಿ ಉಳಿಯುತ್ತೆ ಅನ್ನುವ ಧೈರ್ಯದಲ್ಲಿ. ಅದೇ ವಕೀಲೆ ನೇರವಾಗಿ ಹೇಳಿದರು, ಇದು ಸವೆತ ಅಲ್ಲ, ನೀವು ಮಾಡಿದ ಹಾನಿ, ಕೊಡಲೇಬೇಕು. ಆದರೆ ಹಳೆ ಒಲೆಗೆ ಹೊಸ ಒಲೆಯ ಬೆಲೆ ಕೇಳುವ ಹಾಗಿಲ್ಲ. ಅದು ಹತ್ತು ವರ್ಷದ ಒಲೆ. ವಯಸ್ಸಿನ ಪ್ರಕಾರ ಕಳೆದು ಕೊನೆಗೆ 150ಕ್ಕೆ ಒಪ್ಪಂದವಾಯಿತು. ನನ್ನ ಹತ್ತಿರ ಹಾಫ್ಟ್‌ಫ್ಲಿಷ್ಟ್ ವಿಮೆ ಇತ್ತು, ನಮ್ಮಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಮಾಡಿಸುವಂಥದ್ದು. ತೆಗೆದು ನೋಡಿದರೆ ಬಾಡಿಗೆ ಮನೆಯ ಗಾಜು, ವಿದ್ಯುತ್ ಉಪಕರಣ ಅದರಲ್ಲಿ ಸೇರಿಲ್ಲ. ನಿಮ್ಮದನ್ನೂ ಒಮ್ಮೆ ತೆಗೆದು ನೋಡಿ.

ಈ ವಕೀಲೆ ನನಗೆ ಇಷ್ಟವಾಗಿದ್ದು ಇದಕ್ಕೇ. ಸದಸ್ಯ ಅಂತ ಸುಮ್ನೆ ಹುರಿದುಂಬಿಸಲಿಲ್ಲ.

ಕರಾರು ಓದುವಾಗ ಆಕೆ ಇನ್ನೊಂದು ಸಾಲನ್ನೂ ಹೊಡೆದುಹಾಕಿದರು, ಮನೆಯ ಪೇಂಟಿಂಗ್ ಬಾಡಿಗೆದಾರನ ಜವಾಬ್ದಾರಿ ಅನ್ನುವುದನ್ನು. ನಮಗೆ ಮನೆ ಸಿಕ್ಕಾಗ ಹಳೆಯವರ ಮೊಳೆ ತೂತುಗಳು ಹಾಗೇ ಇದ್ದವು, ಅದಕ್ಕೆ ಬದಲಾಗಿ ಬಾಡಿಗೆಯಲ್ಲಿ ಏನೂ ಬಿಟ್ಟಿರಲಿಲ್ಲ. ಹಾಗೆ ಕೊಟ್ಟ ಮನೆಗೆ ಆ ಷರತ್ತು ನಿಲ್ಲುವುದಿಲ್ಲ ಅಂತ ಇಲ್ಲಿನ ಫೆಡರಲ್ ಕೋರ್ಟ್ 2015ರ ಮಾರ್ಚ್‌ನಲ್ಲೇ ತೀರ್ಪು ಕೊಟ್ಟಿದೆಯಂತೆ. ಆದರೆ ತೂತು ಇತ್ತು ಅನ್ನುವುದಕ್ಕೆ ಸಾಕ್ಷಿ ಬೇಕಲ್ವಾ? ಕೀಲಿ ಕೊಡುವ ದಿನ ಇಬ್ಬರೂ ಸಹಿ ಹಾಕುವ ಹಸ್ತಾಂತರ ಪಟ್ಟಿಯಲ್ಲಿ ನನ್ನ ಹೆಂಡತಿ ಪ್ರತಿ ತೂತನ್ನೂ ಎಣಿಸಿ ಬರೆಸಿದ್ದಳು. ಆಗ ನಾನು ಅವಳನ್ನು ಗೇಲಿ ಮಾಡಿದ್ದೆ.

ಈಗ ಆ ಐದನೇ ಸ್ಟಾರ್. ಮೊದಲ ಭೇಟಿಗೆ ಮೂರು ವಾರ ಕಾಯಬೇಕಾಯಿತು. ಮಾತೆಲ್ಲ ಜರ್ಮನ್‌ನಲ್ಲೇ, ನನ್ನ ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಅಲ್ಲಿ ಏನೇನೂ ಸಾಲಲಿಲ್ಲ, ಎರಡನೇ ಸಲ ಭಾಷೆ ಬರುವ ಗೆಳತಿಯನ್ನು ಕರೆದುಕೊಂಡು ಹೋದೆವು. ಕೋರ್ಟ್ ಖರ್ಚಿನ ವಿಮೆ ಜೊತೆಗೆ ಬರುತ್ತದೆ, ಸರಿ, ಆದರೆ ಮೊದಲ ಮೂರು ತಿಂಗಳು ಅದು ನಡೆಯುವುದಿಲ್ಲ, ಸೇರುವ ಮುಂಚೆ ಶುರುವಾದ ಜಗಳಕ್ಕಂತೂ ಇಲ್ಲವೇ ಇಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವ ನನ್ನಂಥವರಿಗೆ ಇದು ಕಷ್ಟ. ಜೊತೆಗೆ ಕನಿಷ್ಠ ಎರಡು ವರ್ಷ ಸದಸ್ಯತ್ವ ಬಿಡುವಂತಿಲ್ಲ, ಬಿಡಬೇಕಾದರೂ ಮೂರು ತಿಂಗಳು ಮೊದಲೇ ಬರೆದುಕೊಡಬೇಕು. ಬಾಡಿಗೆದಾರನನ್ನು ಕಾಯುವವರೇ ಹೀಗೆ ಕಟ್ಟಿಹಾಕಿದರೆ ಹೇಗೆ ಸ್ವಾಮಿ!

ಹೋಗುವವರು ಕರಾರು, ಬಿಲ್ಲು, ಮೇಲ್‌ಗಳನ್ನೆಲ್ಲ ಪ್ರಿಂಟ್ ಮಾಡಿಕೊಂಡು ಹೋಗಿ. ಫೋನಿನಲ್ಲಿ ತೋರಿಸಿದರೆ ಮುಖ ಸಿಂಡರಿಸುತ್ತಾರೆ.

ಓನರ್ ಅಜ್ಜನ ಜೊತೆ ಮಾತುಕತೆ ಮೊದಲಿನ ಹಾಗೇ ಇದೆ. ಕ್ರಿಸ್ಮಸ್‌ಗೆ ತಮ್ಮ ಹೆಂಡತಿ ಮಾಡಿದ ಬಿಸ್ಕತ್ತು ತಂದುಕೊಟ್ಟರು. ಹೋಗುವ ಮುಂಚೆ ಅಡುಗೆಮನೆಗೆ ಇಣುಕಿ, ಗೋಡೆಗೆ ಆನಿಸಿಟ್ಟಿದ್ದ ಕಾವಲಿಯನ್ನು ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ ಹೊರಟರು.