27 ಮತ್ತು 42: ಗುಡ್ಡದ ದಾರಿಯಲ್ಲಿ ಕೇಳಿದ ಎರಡು ಹೆವಿ ಮೆಟಲ್ ಚಾನೆಲ್‌ಗಳು

ಮೊದಲೇ ಹೇಳಿಬಿಡುತ್ತೇನೆ, ನಾನು 27ರ ಕಡೆಯವನು. ಅಮೆರಿಕದಲ್ಲಿ ಚಂದಾ ಕಟ್ಟಿ ಕೇಳುವ ಸಿರಿಯಸ್ ಉಪಗ್ರಹ ರೇಡಿಯೋದ 27ನೇ ಚಾನೆಲ್, ಹೆಸರು ‘ಹಾರ್ಡ್ ಅಟ್ಯಾಕ್’. ಎದುರಾಳಿ ಎಕ್ಸ್‌ಎಂ ಕಂಪನಿಯ 42, ‘ಲಿಕ್ವಿಡ್ ಮೆಟಲ್’. ಎರಡರಲ್ಲೂ ಹಗಲೂ ರಾತ್ರಿ ಥ್ರ್ಯಾಶ್, ಡೆತ್, ಬ್ಲ್ಯಾಕ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ. ಈಗ ಎರಡೂ ಸೇರಿ ಒಂದೇ ಆಗಿವೆ, ಉಳಿದುಕೊಂಡ ಹೆಸರು ಎದುರಾಳಿಯದು. ಆ ಹೊಟ್ಟೆಯುರಿ ಮುಂದೆ ಅಲ್ಲಲ್ಲಿ ಇಣುಕಿದರೆ ಓದುವವರು ಹೊಂದಿಸಿಕೊಳ್ಳಬೇಕು.

ಹೋಲಿಸುವ ಅವಕಾಶ ತಾನಾಗಿಯೇ ಒದಗಿತು. 2006ರಲ್ಲಿ ನಾನು ಪಿಟ್ಸ್‌ಬರ್ಗ್ ಪಕ್ಕದ ಮನ್ರೋವಿಲ್‌ನಲ್ಲಿದ್ದೆ. ಕಚೇರಿ ನಗರದ ನಡುಮಧ್ಯೆ. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಹುಬ್ಬಳ್ಳಿಯವರೊಬ್ಬರು, ನನ್ನ ಕಚೇರಿಯವರೇ. ಒಂದು ವಾರ ಅವರ ಕಾರು, ಮರುವಾರ ನನ್ನ ಕಾರು. ಅವರ ಡ್ಯಾಶ್‌ಬೋರ್ಡಿನ ಮೇಲೆ ಎಕ್ಸ್‌ಎಂ, ನನ್ನದರ ಮೇಲೆ ಸಿರಿಯಸ್. ಇಬ್ಬರಿಗೂ ಮೆಟಲ್ ಹುಚ್ಚು. ಒಂದೇ ದಾರಿ, ಒಂದೇ ಹೊತ್ತು, ಒಂದೇ ಸುರಂಗ. ಪ್ರಯೋಗಾಲಯದಲ್ಲಿಯೂ ಇಷ್ಟು ಕರಾರುವಾಕ್ಕಾದ ಏರ್ಪಾಡು ಸಿಗಲಿಕ್ಕಿಲ್ಲ. ಸುಮಾರು ಎರಡು ವರ್ಷ ಹೀಗೆ ನಡೆಯಿತು.

ಎರಡು ಕಂಪನಿಗಳ ಜಾತಕವೂ ಒಂದೇ ದಿಕ್ಕಿನದು. 1997ರಲ್ಲಿ ಅಮೆರಿಕದ ಸಂವಹನ ಆಯೋಗ 2.3 ಗಿಗಾಹರ್ಟ್ಸ್ ತರಂಗಾಂತರವನ್ನು ಹರಾಜಿಗಿಟ್ಟಾಗ ಎಕ್ಸ್‌ಎಂ ಸುಮಾರು 9 ಕೋಟಿ ಡಾಲರ್ ಕೊಟ್ಟಿತು, ಆಗಿನ್ನೂ ಸಿಡಿ ರೇಡಿಯೋ ಎಂದು ಕರೆಸಿಕೊಳ್ಳುತ್ತಿದ್ದ ಸಿರಿಯಸ್ ಸುಮಾರು 8.3 ಕೋಟಿ. ಇಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ಕೊಳ್ಳುವಂತಿಲ್ಲ ಎಂಬ ಷರತ್ತೂ ಜೊತೆಗಿತ್ತು. ಆ ಷರತ್ತಿನ ಗತಿ ಏನಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಎಕ್ಸ್‌ಎಂ 2001ರ ಸೆಪ್ಟೆಂಬರಿನಲ್ಲಿ ಪ್ರಸಾರ ಆರಂಭಿಸಿತು, ಸಿರಿಯಸ್ 2002ರ ಫೆಬ್ರುವರಿಯಲ್ಲಿ. ಎಕ್ಸ್‌ಎಂನ ಮೊದಲ ಎರಡು ಉಪಗ್ರಹಗಳ ಹೆಸರು ‘ರಾಕ್’ ಮತ್ತು ‘ರೋಲ್’. ಹುಬ್ಬಳ್ಳಿಯವರು ಇದನ್ನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು. “ನಿಮ್ಮವು ಬರೀ ಒಂದು, ಎರಡು, ಮೂರು. ನಮ್ಮವಕ್ಕೆ ಹೆಸರಿದೆ ನೋಡಿ” ಎನ್ನುತ್ತಿದ್ದರು.

ಹೆಸರಿರಲಿ, ಆಕಾಶದಲ್ಲಿ ಅವು ನಿಂತ ಜಾಗ ಮುಖ್ಯ. ಎಕ್ಸ್‌ಎಂನವು ಸಮಭಾಜಕದ ನೆತ್ತಿಯಲ್ಲಿ ನಿಂತಲ್ಲೇ ನಿಂತಿರುವ ಭೂಸ್ಥಿರ ಉಪಗ್ರಹಗಳು. ಪಿಟ್ಸ್‌ಬರ್ಗ್‌ನಿಂದ ನೋಡಿದರೆ ಒಂದು ದಕ್ಷಿಣದಲ್ಲಿ ದಿಗಂತದಿಂದ ನಲವತ್ತು ಡಿಗ್ರಿ ಆಸುಪಾಸು, ಇನ್ನೊಂದು ನೈಋತ್ಯಕ್ಕೆ ಮೂವತ್ತು ಡಿಗ್ರಿ ಆಸುಪಾಸು. ಈ ಊರು ಪೂರ್ತಿ ಗುಡ್ಡ, ಕಣಿವೆ, ಮರ. ದಕ್ಷಿಣಕ್ಕೊಂದು ಗುಡ್ಡ ಅಡ್ಡ ಬಂದರೆ ಸದ್ದು ಮಾಯ. ಸಿರಿಯಸ್‌ನ ಮೂರು ಉಪಗ್ರಹಗಳು ಆಗ ಉದ್ದನೆಯ ಅಂಡಾಕಾರದ ಪಥದಲ್ಲಿ ಸುತ್ತುತ್ತಿದ್ದವು. ಒಂದೊಂದೂ ದಿನಕ್ಕೆ ಹದಿನಾರು ಗಂಟೆ ಭೂಮಿಯ ಉತ್ತರಾರ್ಧದ ಮೇಲೆಯೇ ಇರುತ್ತಿದ್ದುದರಿಂದ ಯಾವ ಹೊತ್ತಿನಲ್ಲಿ ನೋಡಿದರೂ ಎರಡಾದರೂ ಮೇಲಿರುತ್ತಿದ್ದವು, ಅದೂ ಬಹುಪಾಲು ತಲೆಯ ಮೇಲೆಯೇ ಅನ್ನುವಷ್ಟು ಎತ್ತರದಲ್ಲಿ. ನಮ್ಮ ಅಪಾರ್ಟ್‌ಮೆಂಟಿನಿಂದ ಹೆದ್ದಾರಿಗೆ ಇಳಿಯುವ ತಿರುವಿನ ದಾರಿಯಲ್ಲಿ ಅವರ ಕಾರಿನಲ್ಲಿ ಹಾಡು ಮೂರು ಕಡೆ ಕಡಿಯುತ್ತಿತ್ತು, ನನ್ನದರಲ್ಲಿ ಎಲೆ ತುಂಬಿದ ಜುಲೈನಲ್ಲಿ ಮಾತ್ರ ಒಂದು ಕಡೆ. ನನ್ನ ಲೆಕ್ಕದಲ್ಲಿ ಅರ್ಧ ತೀರ್ಪು ಅಲ್ಲಿಯೇ ಆಯಿತು.

ಮನೆಯೊಳಗೆ ಇದು ತಿರುಗುಮುರುಗು. ಎಕ್ಸ್‌ಎಂ ಆ್ಯಂಟೆನಾವನ್ನು ದಕ್ಷಿಣದ ಕಿಟಕಿಗೆ ಒಮ್ಮೆ ಇಟ್ಟರೆ ಮರೆತುಬಿಡಬಹುದು. ಸಿರಿಯಸ್‌ನ ಉಪಗ್ರಹ ಅಲೆಮಾರಿ, ಬೆಳಿಗ್ಗೆ ಸಿಕ್ಕ ಕಿಟಕಿಯಲ್ಲಿ ಸಂಜೆ ಸಿಗುತ್ತಿರಲಿಲ್ಲ. ನಾನು ಮನೆಯಲ್ಲಿ ಮೆಟಲ್ ಹಾಕುವಂತೆಯೇ ಇರಲಿಲ್ಲವಾದ್ದರಿಂದ ನನಗೆ ಅದರಿಂದ ನಷ್ಟವಾಗಲಿಲ್ಲ.

ಸದ್ದಿನ ಗುಣಮಟ್ಟದಲ್ಲಿ ಎಕ್ಸ್‌ಎಂ ಮೇಲು. ಒಪ್ಪಿಕೊಳ್ಳಲೇಬೇಕು. ಇಬ್ಬರೂ ನೂರಕ್ಕೂ ಹೆಚ್ಚು ಚಾನೆಲ್‌ಗಳನ್ನು ಒಂದೇ ಕಿರಿದಾದ ಪಟ್ಟಿಯೊಳಗೆ ತುರುಕುವುದರಿಂದ ಹಾಡನ್ನು ವಿಪರೀತ ಹಿಂಡಿ ಕಳಿಸುತ್ತಾರೆ. ಮಾತಿನ ಚಾನೆಲ್‌ಗೆ ಅದು ತಟ್ಟುವುದಿಲ್ಲ. ಮೆಟಲ್‌ಗೆ ತಟ್ಟುವಷ್ಟು ಇನ್ನಾವುದಕ್ಕೂ ತಟ್ಟುವುದಿಲ್ಲ. ಸಿಂಬಲ್‌ಗಳ ಸದ್ದು ಲೋಹದ ಹಾಗೆ ಕೇಳದೆ ಬಾಣಲೆಯಲ್ಲಿ ಅವಲಕ್ಕಿ ಹುರಿದ ಹಾಗೆ ಕೇಳಿಸುತ್ತದೆ. ಆ ಹುರಿಯುವ ಸದ್ದು ನನ್ನ 27ರಲ್ಲಿ ತುಸು ಹೆಚ್ಚೇ ಇತ್ತು.

ಇನ್ನು ನನ್ನ ನಿಜವಾದ ಗೋಳು. ಇದಕ್ಕೆ ಸಿರಿಯಸ್ಸೂ ಕಾರಣವಲ್ಲ, ಎಕ್ಸ್‌ಎಂ ಕೂಡ ಅಲ್ಲ. ನಾನು ಕೊಂಡ ಹಳೆಯ ರಿಸೀವರ್ ಮತ್ತು ಅದನ್ನು ಮಾರಿದ ಪುಣ್ಯಾತ್ಮ ಕಾರಣ. “ತಂತಿಯ ರಗಳೆಯೇ ಇಲ್ಲ, ಕಾರಿನ ಎಫ್‌ಎಂನಲ್ಲೇ ಕೇಳಬಹುದು” ಎಂದಿದ್ದ. ಒಳಗೆ ಒಂದು ಪುಟಾಣಿ ಎಫ್‌ಎಂ ಟ್ರಾನ್ಸ್‌ಮಿಟರ್ ಇರುತ್ತದೆ. ಉಪಗ್ರಹದಿಂದ ಬಂದ ಹಾಡನ್ನು ಅದು 88.1ರಂಥ ಯಾವುದಾದರೊಂದು ಖಾಲಿ ಅಂಕಿಯಲ್ಲಿ ಬಿತ್ತರಿಸುತ್ತದೆ, ಕಾರಿನ ರೇಡಿಯೋ ಅದನ್ನು ಹಿಡಿಯುತ್ತದೆ. ಮೂವತ್ತಾರು ಸಾವಿರ ಕಿಲೋಮೀಟರಿನಾಚೆಯಿಂದಲೂ ಬರಬಲ್ಲ ಸಂಗೀತ ಕೊನೆಯ ಎರಡು ಅಡಿ ದಾಟಲು ಒದ್ದಾಡಿದ್ದನ್ನು ನಾನು ಕಣ್ಣಾರೆ, ಕಿವಿಯಾರೆ ಕಂಡಿದ್ದೇನೆ.

ಅಮೆರಿಕದಲ್ಲಿ 88ರಿಂದ 92ರವರೆಗಿನ ಎಫ್‌ಎಂ ಜಾಗ ವಾಣಿಜ್ಯೇತರ ಕೇಂದ್ರಗಳಿಗೆ ಮೀಸಲು. ಅಂದರೆ ಕಾಲೇಜುಗಳು, ಸಾರ್ವಜನಿಕ ರೇಡಿಯೋ ಮತ್ತು ಚರ್ಚುಗಳು. ಎಫ್‌ಎಂನ ಸ್ವಭಾವ ಹೇಗೆಂದರೆ, ಒಂದೇ ಅಂಕಿಯಲ್ಲಿ ಇಬ್ಬರು ಬಂದರೆ ದನಿಗಳು ಬೆರೆಯುವುದಕ್ಕಿಂತ ಹೆಚ್ಚಾಗಿ ಬಲವಿದ್ದವನು ಇನ್ನೊಬ್ಬನನ್ನು ನುಂಗಿಹಾಕುತ್ತಾನೆ. ಕಣಿವೆಯಲ್ಲಿ ನನ್ನ ಟ್ರಾನ್ಸ್‌ಮಿಟರ್ ರಾಜ. ಗುಡ್ಡದ ತುದಿಗೆ ಬಂದ ಕೂಡಲೇ ಡಬಲ್ ಬಾಸ್ ಡ್ರಮ್ಮಿನ ಮಧ್ಯೆ, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದವನ ಬಾಯಿಂದಲೇ ಎಂಬಂತೆ, “ಪ್ರಭುವು ನಿಮ್ಮನ್ನು ಕ್ಷಮಿಸುತ್ತಾನೆ” ಎಂದು ಪಾದ್ರಿಯೊಬ್ಬರ ತಣ್ಣನೆಯ ದನಿ. ಇಳಿಜಾರಿನಲ್ಲಿ ಮತ್ತೆ ಕೂಗು. ಮುಂದಿನ ದಿಬ್ಬದಲ್ಲಿ ಮತ್ತೆ ಕ್ಷಮೆ. 88.3 ಹಾಕಿದೆ, 89.9 ಹಾಕಿದೆ, ಮೇಲೆ 107ರತ್ತ ಹೋದೆ. ಒಂದೊಂದು ದಿಬ್ಬಕ್ಕೂ ಒಂದೊಂದು ದೊಣ್ಣೆನಾಯಕನಿದ್ದ. ಕಾರು ನಿಂತಿದ್ದಾಗ ಖಾಲಿಯೆಂದು ಕಂಡ ಅಂಕಿ ಐದು ಮೈಲು ಹೋಗುವಷ್ಟರಲ್ಲಿ ಯಾರದೋ ಆಗಿರುತ್ತಿತ್ತು. ನನ್ನ ಸದ್ದು ಪಕ್ಕದ ಕಾರಿಗೂ ಹೋಗುತ್ತಿತ್ತೋ ಏನೋ. ಒಮ್ಮೆ ಸುರಂಗದ ಮುಂದಿನ ಸಾಲಿನಲ್ಲಿ ಪಕ್ಕದ ಕಾರಿನ ಅಜ್ಜಿ ತನ್ನ ರೇಡಿಯೋವನ್ನೂ ನನ್ನನ್ನೂ ಸರದಿಯಲ್ಲಿ ದುರುಗುಟ್ಟಿ ನೋಡಿದರು. ನಾನು ಕಿಟಕಿಯ ಗಾಜು ಏರಿಸಿ ಎದುರು ನೋಡುತ್ತ ಕುಳಿತೆ.

ಆ ಬೇಸಿಗೆಯಲ್ಲಿ ಅಮ್ಮ ಪುತ್ತೂರಿನಿಂದ ಬಂದಿದ್ದರು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕರೆದೊಯ್ಯುವಾಗ ರೇಡಿಯೋ ಆರಿಸಲು ಮರೆತಿದ್ದೆ. ಕಾರು ಶುರುವಾದೊಡನೆ 27 ಅಬ್ಬರಿಸಿತು. ಅಮ್ಮ ಒಂದು ನಿಮಿಷ ಕಿವಿಗೊಟ್ಟು ಕೇಳಿದರು. “ಇದೇನು ಮಾಣಿ, ಮೇಳದಲ್ಲಿ ಬಣ್ಣದ ವೇಷದವರು ತೆರೆಯ ಹಿಂದಿನಿಂದ ಆರ್ಭಟ ಕೊಟ್ಟ ಹಾಗಿದೆ. ಆದರೆ ಇವನು ತೆರೆ ಸರಿಸಿ ಹೊರಗೆ ಬರುವುದೇ ಇಲ್ಲವಲ್ಲ?” ಡೆತ್ ಮೆಟಲ್ ಗಾಯನದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಈವರೆಗೆ ಕೇಳಿಲ್ಲ. ಅಷ್ಟರಲ್ಲಿ ದಿಬ್ಬ ಬಂತು, ಪಾದ್ರಿ ಬಂದರು. ಅಮ್ಮ ಸೀಟಿಗೆ ಒರಗಿಕೊಂಡು, “ಇವರು ಬಿಡಿಸಿ ಬಿಡಿಸಿ ಹೇಳುತ್ತಾರೆ, ಇದೇ ಇರಲಿ” ಎಂದರು. ದೇವಸ್ಥಾನದವರೆಗೂ ಬೈಬಲ್ ಪ್ರವಚನವೇ ನಡೆಯಿತು.

ಮರುದಿನವೇ ಕ್ಯಾಸೆಟ್ ಅಡಾಪ್ಟರ್ ತಂದೆ. ಕ್ಯಾಸೆಟ್ಟಿನ ಆಕಾರದ ಡಬ್ಬಿ, ಬಾಲದ ಹಾಗೆ ಒಂದು ತಂತಿ. ನನ್ನ ಹಳೆಯ ಕಾರಿನಲ್ಲಿ ಕ್ಯಾಸೆಟ್ ಪ್ಲೇಯರ್ ಇದ್ದದ್ದು ಅಂದು ಸಾರ್ಥಕವಾಯಿತು. ಒಳಗಿನ ಹಲ್ಲಿನ ಚಕ್ರ ಕಿರಿಕಿರಿ ಸದ್ದು ಮಾಡುತ್ತಿತ್ತು, ಆಗಾಗ ‘ಟಕ್’ ಎಂದು ತಾನೇ ಬದಿ ಬದಲಿಸುತ್ತಿತ್ತು. ಆದರೆ ಪಾದ್ರಿ ಮತ್ತೆ ಬರಲಿಲ್ಲ. ಹುಬ್ಬಳ್ಳಿಯವರದು ಮೊದಲಿನಿಂದಲೂ ತಂತಿಯ ಜೋಡಣೆಯೇ. ಹೀಗಾಗಿ ಮೊದಲ ಆರು ತಿಂಗಳು ನಾನು 27ಕ್ಕೆ ಕೊಟ್ಟ ಅಂಕಗಳನ್ನೆಲ್ಲ ಮತ್ತೊಮ್ಮೆ ತಿದ್ದಬೇಕಾಯಿತು.

ತಿದ್ದಿದ ಮೇಲೂ 27 ಮುಂದೆಯೇ ಇತ್ತು. ಕಾರಣ ಹಾಡಿನ ಪಟ್ಟಿಯಲ್ಲ. ಒಂದೇ ಬೆಳಿಗ್ಗೆ ಒಂದೇ ಬ್ಯಾಂಡನ್ನು ಎರಡೂ ಕಡೆ ಕೇಳಿದ ದಿನಗಳಿವೆ, ಸ್ಲೇಯರ್ ಇಲ್ಲದ ದಿನ ಎಲ್ಲಿಯೂ ಇರಲಿಲ್ಲ. ಬೈಗುಳ ಕತ್ತರಿಸುವ ಕಾಟವೂ ಎರಡರಲ್ಲಿ ಇಲ್ಲ, ಚಂದಾ ಕಟ್ಟಿ ಕೇಳುವ ಉಪಗ್ರಹ ರೇಡಿಯೋಗೆ ಎಫ್‌ಎಂನ ಅಸಭ್ಯತೆಯ ನಿಯಮ ಅನ್ವಯಿಸುವುದಿಲ್ಲ. ನನ್ನನ್ನು ಹಿಡಿದಿಟ್ಟದ್ದು ಹಾಡುಗಳ ನಡುವಿನ ಮಾತು. ಹೋಸೆ ಮ್ಯಾಂಗಿನ್ ಎಂಬ ನಿರೂಪಕನ ಉತ್ಸಾಹ ಬೆಳಗಿನ ಎಂಟು ಗಂಟೆಗೆ ತುಸು ಅತಿಯೆನಿಸಿದರೂ ಆತ ಸಂಬಳಕ್ಕಾಗಿ ಕುಣಿಯುತ್ತಿಲ್ಲ ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ಇಯಾನ್ ಕ್ರಿಸ್ಟ್ ನಡೆಸುತ್ತಿದ್ದ ‘ಬ್ಲಡಿ ರೂಟ್ಸ್’ ಇನ್ನೊಂದು ಬಗೆಯದು. ಮೆಟಲ್‌ನ ಒಂದೊಂದು ಕವಲನ್ನು ಹಿಡಿದು ಅದರ ವಂಶವೃಕ್ಷ ಬಿಡಿಸುವ ಕಾರ್ಯಕ್ರಮ. ಬೆಂಗಳೂರಿನ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ದಾಟಿದ, ಹೆಸರು ಅಳಿಸಿಹೋದ ಕ್ಯಾಸೆಟ್‌ಗಳಲ್ಲಿ ಮೆಟಲ್ ಕಲಿತ ನನಗೆ ಯಾವ ಬ್ಯಾಂಡ್ ಯಾವ ಊರಿನದು, ಯಾರು ಯಾರಿಂದ ಕಲಿತರು ಎಂಬುದೆಲ್ಲ ಆ ಕಾರಿನಲ್ಲಿ ಮೊದಲ ಬಾರಿಗೆ ಜೋಡಣೆಯಾಯಿತು. 42ನ್ನು ಮೆಚ್ಚಿ ಕೇಳಿದೆ, 27ಕ್ಕಾಗಿ ಕಚೇರಿಯ ಪಾರ್ಕಿಂಗಿನಲ್ಲಿ ಹತ್ತು ನಿಮಿಷ ಹೆಚ್ಚು ಕುಳಿತೆ.

ದಾರಿಯ ಸ್ಕ್ವಿರಲ್ ಹಿಲ್ ಸುರಂಗದಲ್ಲಿ ಸದ್ದು ಕಡಿದು ಇಬ್ಬರೂ ಸೋತರು.

ಹಣದ ವಿಷಯ. 2005ರ ಏಪ್ರಿಲ್‌ವರೆಗೆ ಎಕ್ಸ್‌ಎಂ ತಿಂಗಳಿಗೆ 9.99 ಡಾಲರ್ ಇತ್ತು, ಆಮೇಲೆ ಸಿರಿಯಸ್‌ನಷ್ಟೇ 12.95 ಆಯಿತು. ಹಾಗಾಗಿ ನಮ್ಮ ಕಾಲಕ್ಕೆ ಸಮ ಸಮ. ಸಿರಿಯಸ್‌ನಲ್ಲಿ ಮಾತ್ರ 499.99 ಡಾಲರಿಗೆ ಜೀವಾವಧಿ ಚಂದಾ ಎಂಬುದೊಂದಿತ್ತು. ‘ಜೀವಾವಧಿ’ ಎಂಬ ಪದ ಕೇಳಿದರೆ ನನಗೆ ಶಿಕ್ಷೆಯೇ ನೆನಪಾಗುತ್ತದೆ. ಮೂವತ್ತೊಂಬತ್ತು ತಿಂಗಳಾದರೆ ಹಾಕಿದ ಹಣ ಹುಟ್ಟುತ್ತದೆ. ಆದರೆ ನನ್ನ ವೀಸಾ ಮೂವತ್ತೊಂಬತ್ತು ತಿಂಗಳು ಉಳಿಯುತ್ತದೆಂದು ಯಾರು ಬರೆದುಕೊಡುತ್ತಾರೆ? ತಿಂಗಳ ಲೆಕ್ಕವೇ ಸಾಕು ಎಂದೆ.

ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲೂ ಆಗ ಉಪಗ್ರಹ ರೇಡಿಯೋ ಇತ್ತು, ವರ್ಲ್ಡ್‌ಸ್ಪೇಸ್. ಕರ್ನಾಟಕ ಸಂಗೀತದ ‘ಶ್ರುತಿ’ ಚಾನೆಲ್ಲಿಗಾಗಿ ಕಿಟಕಿಯ ಸರಳಿಗೆ ಆ್ಯಂಟೆನಾ ಕಟ್ಟಿಟ್ಟಿದ್ದ. ಆ ವರ್ಲ್ಡ್‌ಸ್ಪೇಸ್ 1990ರ ದಶಕದಲ್ಲಿ ಎಕ್ಸ್‌ಎಂನಲ್ಲಿ ಪಾಲು ಹೊಂದಿತ್ತೆಂದು ತಿಳಿದಾಗ ಹುಬ್ಬಳ್ಳಿಯವರು “ನೋಡಿ, ನಮ್ಮವರೇ” ಎಂದು ಹಿಗ್ಗಿದರು. ಭಾರತದಲ್ಲಿ ಅದು 2009ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಅಣ್ಣನ ರಿಸೀವರ್ ಇಂದಿಗೂ ಅಟ್ಟದ ಮೇಲಿದೆ.

ಈಗ ಆ ಷರತ್ತಿನ ಕಥೆ. 2007ರ ಫೆಬ್ರುವರಿ 19ರಂದು ಎರಡೂ ಕಂಪನಿಗಳು ಒಂದಾಗುವುದಾಗಿ ಘೋಷಿಸಿದವು. ರೇಡಿಯೋ ನಿರೂಪಕ ಹೋವರ್ಡ್ ಸ್ಟರ್ನ್‌ನಂಥ ಬಾಯಿಗಳಿಗೆ, ಕ್ರೀಡಾ ಪ್ರಸಾರದ ಹಕ್ಕುಗಳಿಗೆ ಪೈಪೋಟಿಯಲ್ಲಿ ಕೋಟಿಗಟ್ಟಲೆ ಸುರಿದು ಇಬ್ಬರೂ ಬಸವಳಿದಿದ್ದರು. ಒಂದಾಗಲೇಬಾರದು ಎಂದಿದ್ದ ಆಯೋಗವೇ 2008ರ ಜುಲೈನಲ್ಲಿ ಎರಡರ ವಿರುದ್ಧ ಮೂರು ಮತದಿಂದ ಒಪ್ಪಿತು. ಆ ವರ್ಷದ ನವೆಂಬರ್ 12ಕ್ಕೆ ಚಾನೆಲ್‌ಗಳು ಬೆರೆತವು. ಅಂದು ಬೆಳಿಗ್ಗೆ ನನ್ನ ರಿಸೀವರಿನಲ್ಲಿ 27 ಒತ್ತಿದರೆ ಪರದೆಯ ಮೇಲೆ ‘ಲಿಕ್ವಿಡ್ ಮೆಟಲ್’ ಎಂದು ಬಂತು. ಹಾರ್ಡ್ ಅಟ್ಯಾಕ್ ಎಂಬ ಹೆಸರು ಇರಲೇ ಇಲ್ಲ. ಹುಬ್ಬಳ್ಳಿಯವರು ಅಂದು ಬೇಕೆಂದೇ ನನ್ನ ಕಾರಿನಲ್ಲಿ ಬಂದಿದ್ದರು, ದಾರಿಯುದ್ದಕ್ಕೂ ಒಂದು ಮಾತನ್ನೂ ಆಡದೆ ನಗುತ್ತಿದ್ದರು. ಕೆಲವು ದಿನ ಕಳೆದ ಮೇಲೆ ನಗುವ ಸರದಿ ನನ್ನದು. ಹೆಸರು ಅವರದು ಉಳಿಯಿತು, ಆದರೆ ಆ ಹೆಸರನ್ನು ಉಚ್ಚರಿಸುತ್ತಿದ್ದ ದನಿ ನಮ್ಮ ಮ್ಯಾಂಗಿನ್‌ನದು. ಬ್ಲಡಿ ರೂಟ್ಸ್ ಕೂಡ ಜೊತೆಗೇ ಬಂತು. ಬಾಗಿಲ ಮೇಲಿನ ಫಲಕ ಅವರದು, ಒಳಗೆ ಒಲೆ ಹಚ್ಚುವವರು ನಮ್ಮವರು. 2011ರ ಮೇ ತಿಂಗಳಲ್ಲಿ ಚಾನೆಲ್ 40ಕ್ಕೆ ಹೋಯಿತು, ಅಲ್ಲಿಗೆ 27 ಮತ್ತು 42 ಎರಡೂ ತೀರಿದವು.

ಕಂಪನಿ ಒಂದಾದರೂ ಉಪಗ್ರಹಗಳು ಒಂದಾಗಲಿಲ್ಲ ಎಂಬುದನ್ನು ಹಳೆಯ ರಿಸೀವರ್ ಕೊಳ್ಳುವವರು ಗಮನಿಸಬೇಕು. ಸಿರಿಯಸ್ ಪೆಟ್ಟಿಗೆಗೆ ಸಿರಿಯಸ್ ಸಂಕೇತ, ಎಕ್ಸ್‌ಎಂ ಪೆಟ್ಟಿಗೆಗೆ ಎಕ್ಸ್‌ಎಂ ಸಂಕೇತ. ಆ ಅಲೆಮಾರಿ ಉಪಗ್ರಹಗಳಿದ್ದ ಕಾಲದಲ್ಲಿ, ಗುಡ್ಡ, ಮರಗಳಿರುವ ಉತ್ತರದ ಊರಾದರೆ, ಹೆಚ್ಚು ಹೊತ್ತು ಕಾರಿನಲ್ಲೇ ಕಳೆಯುವವರಾದರೆ, ನನ್ನ ಹಾಗೆ ಮಾತನ್ನೂ ಕೇಳುವವರಾದರೆ ಸಿರಿಯಸ್ ಪೆಟ್ಟಿಗೆಯನ್ನೇ ನೋಡಿ ಎನ್ನುತ್ತಿದ್ದೆ. ಬಯಲು ಸೀಮೆಯವರಿಗೆ, ಅಡುಗೆಮನೆಯಲ್ಲಿ ಮೆಟಲ್ ಹಾಕುವ ಸ್ವಾತಂತ್ರ್ಯವಿದ್ದ ಭಾಗ್ಯವಂತರಿಗೆ ಎಕ್ಸ್‌ಎಂ. ಯಾವುದಾದರೂ ಸರಿ, ತಂತಿಯಲ್ಲೇ ಜೋಡಿಸಿ.

ಜೀವಾವಧಿ ಚಂದಾ ಬೇಡವೆಂದ ನಾನು ಇನ್ನೂ ಇದೇ ಊರಿನಲ್ಲಿದ್ದೇನೆ. ಹುಬ್ಬಳ್ಳಿಯವರು ಎರಡು ಬೀದಿ ಆಚೆ ಮನೆ ಕೊಂಡಿದ್ದಾರೆ. ನನ್ನ ಕಾರು ಹತ್ತಿದಾಗಲೆಲ್ಲ ಬೆರಳು ಮಡಚಿ, ಈವರೆಗೆ ತಿಂಗಳ ಲೆಕ್ಕದಲ್ಲಿ ಕಟ್ಟಿದ್ದು ಎಷ್ಟು ಸಾವಿರವಾಯಿತೆಂದು ಎಣಿಸಲು ಶುರುಮಾಡುತ್ತಾರೆ. ಸುರಂಗ ಬರುವವರೆಗೆ ನಾನು ಸದ್ದು ಹೆಚ್ಚಿಸಿ ಇಟ್ಟಿರುತ್ತೇನೆ, ಸುರಂಗದೊಳಗೆ ಪೂರ್ತಿ ಕೇಳಬೇಕಾಗುತ್ತದೆ.